ಎರಡನೆಯ ಆಂಪ್ಲಿಫೈಯರ್ ವಿಚಾರ

ಮಂಗಳವಾರ, ಸಂಜೆ

ಐದು ತಿಂಗಳಿಂದ ತಮ್ಮ ಅಕ್ಕನ ಮನೆಯಲ್ಲಿ ಬೀಡುಬಿಟ್ಟಿರುವ ಯಜಮಾನರಿಗೆ,

‘ಜೊತೆಗೆ ಕೇಳಿದ ಹಾಡಿಗೆ ಮುಪ್ಪಿಲ್ಲ.’ ಮದುವೆಗೆ ಮುಂಚೆ ನೀವು ನನಗೆ ಬರೆದ ಸಾಲು ಹೀಗೇ ಇತ್ತೆ? ಮುಪ್ಪಿಲ್ಲ ಅಂತಿತ್ತೋ, ಕೊನೆಯಿಲ್ಲ ಅಂತಿತ್ತೋ, ಮರೆತಿದ್ದೇನೆ. ‘ಜೊತೆಗೆ’ ಅನ್ನುವುದಂತೂ ಇತ್ತು. ಈಗ ನಂಬಲಾಗದ್ದು ಅದೇ. ಈ ಮನೆಯಲ್ಲಿ ನೀವು ಜೊತೆ ಕೊಟ್ಟಿದ್ದು ಸ್ಪೀಕರುಗಳಿಗೆ.

ನಿಮ್ಮ ಪತ್ರ ಬಂತು. ನಾಲ್ಕು ಪುಟ. ಅದರಲ್ಲಿ ಮೂರೂಮುಕ್ಕಾಲು ಆಂಪ್ಲಿಫೈಯರಿಗೆ. ಇರುವ ಒಂದು ಸಾಲದೆ ಬೇಸ್ ಎಂಬ ತಗ್ಗುದನಿ ಸೊರಗಿದೆ, ಇನ್ನೊಂದು ತಂದರೆ ಒಂದು ಅದಕ್ಕೆ, ಒಂದು ಏರುದನಿಗೆ ದುಡಿಯುತ್ತವೆ ಎಂದು ಎಳೆಮಕ್ಕಳಿಗೆ ತಿಳಿಹೇಳುವಂತೆ ಚಿತ್ರ ಬೇರೆ. ನಕ್ಷೆ ಕಚೇರಿಯಲ್ಲಿ ದುಡಿಯುವವರ ಗೆರೆಯಲ್ಲವೇ, ಒಂದೂ ಸೊಟ್ಟಗಿಲ್ಲ. ಅದನ್ನಿಡಲು ನನ್ನ ಕವನ ಪುಸ್ತಕಗಳ ಕಪಾಟು ಖಾಲಿಯಾಗಬೇಕಂತೆ. ಕಡೆಗೆ, ಸಾಮಾನಿನ ಚೀಟಿಯಲ್ಲಿ ಮರೆತಿದ್ದ ಸೋಪನ್ನು ಸೇರಿಸುವ ಹಾಗೆ, ನೀನು ಒಪ್ಪಿದರೆ ಭಾನುವಾರ ಅದರ ಜೊತೆ ನಾನೂ ಬರುತ್ತೇನೆ ಅಂತ ಒಂದು ಸಾಲು. ಅದರ ಜೊತೆ! ಆಂಪ್ಲಿಫೈಯರ್ ಮನೆಗೆ ಬರುತ್ತದೆ, ಗಂಡ ಅದರ ಡಬ್ಬಿ ಹೊತ್ತು ಹಿಂದೆ ಬರುತ್ತಾರೆ.

ರೇಡಿಯೋ ರಿಪೇರಿಯವರನ್ನು ಒಮ್ಮೆ ಕೇಳು ಎಂದಿದ್ದಿರಿ, ನನ್ನ ಕಿವಿಯ ಮೇಲೆ ನಿಮಗೆ ಭರವಸೆ ಇಲ್ಲವಲ್ಲ. ನಿನ್ನೆ ಕರೆಸಿದೆ. ಆ ಹಿರಿಯರು ಮಂಡಿಯೂರಿ ಎಡಗಡೆ ಸ್ಪೀಕರಿನ ಬೆನ್ನಿಗೆ ಟಾರ್ಚ್ ಬಿಟ್ಟರು. ಇದನ್ನು ಜೋಡಿಸಿದ ಪುಣ್ಯಾತ್ಮ ಯಾರಮ್ಮ ಅಂದರು. ಬೇರೆ ಯಾರಿಗೂ ಮುಟ್ಟಗೊಡದವರು ಅಂದೆ. ಕೆಂಪು ತಂತಿ ಕಪ್ಪಿನ ಜಾಗದಲ್ಲಿತ್ತು, ಕಪ್ಪು ಕೆಂಪಿನ ಜಾಗದಲ್ಲಿ. ಹೀಗಾದರೆ ಒಂದು ಸ್ಪೀಕರು ಗಾಳಿಯನ್ನು ಮುಂದೆ ತಳ್ಳುವಾಗ ಇನ್ನೊಂದು ಹಿಂದೆ ಎಳೆಯುತ್ತದಂತೆ, ಬೇಸ್ ನಡುದಾರಿಯಲ್ಲೇ ಸಾಯುತ್ತದಂತೆ. ಇದಕ್ಕೆ ಎರಡಲ್ಲ, ಇಪ್ಪತ್ತು ಆಂಪ್ಲಿಫೈಯರ್ ತಂದು ಸುರಿದರೂ ಅಷ್ಟೇ ಕಣಮ್ಮ ಅಂತ ನಕ್ಕರು. ತಂತಿ ಬದಲಿಸಲು ಎರಡು ನಿಮಿಷ ಹಿಡಿಯಿತು. ಹಾಡು ಹಾಕಿದರೆ, ನಿಮ್ಮ ಮೆಚ್ಚಿನ ಹಾಡುಗಾರ್ತಿ ಎರಡು ಸ್ಪೀಕರುಗಳ ನಡುವೆ ಎದ್ದು ನಿಂತಳು. ಡ್ರಮ್ಮು ನನ್ನ ಪಾದದಡಿ ಗುದ್ದಿತು.

ಸ್ಪೀಕರಿನಿಂದ ಕುರ್ಚಿಗೆ ಟೇಪು ಹಿಡಿದು ಅಳೆದವರು ನೀವು. ನೆಲಕ್ಕೆ ಬಿಳಿ ಪಟ್ಟಿ ಅಂಟಿಸಿ, ಒಂದಂಗುಲ ಆಚೀಚೆ ಆಗಕೂಡದು ಅಂದವರು. ಆರು ವರ್ಷ ಆ ಒಂಟಿ ಕುರ್ಚಿಯಲ್ಲಿ ಕಣ್ಣುಮುಚ್ಚಿ ಕೂತು, ದನಿಯ ಆಳ ಅಂದರೇನು ಅಂತ ನನಗೆ ಪಾಠ ಹೇಳಿದಿರಿ. ಅಡುಗೆಮನೆ ಬಾಗಿಲಲ್ಲಿ ನಿಂತು ನಾನು, ಯಾಕೋ ಟೊಳ್ಳಾಗಿದೆ ರೀ ಅಂದರೆ, ಪದ್ಯ ಓದೋ ಕಿವಿಗೆ ಇದೆಲ್ಲ ಎಲ್ಲಿ ತಿಳಿಯುತ್ತೆ ಅಂತ ನಕ್ಕಿರಿ.

ಕಡೆಯ ದಿನ ನನ್ನ ಕುರ್ಚಿಯನ್ನು ನಿಮ್ಮ ಪಕ್ಕಕ್ಕೆ ಎಳೆದಾಗ, ಶಬ್ದ ಕೆಡುತ್ತೆ ತೆಗಿ ಅಂದಿರಿ. ನಾನು ಪ್ಲಗ್ಗು ಕಿತ್ತೆ. ನೀವು ಸೂಟ್‌ಕೇಸು ಹಿಡಿದಿರಿ. ಅಷ್ಟು ಕೆಟ್ಟಿದ್ದ ಶಬ್ದದಲ್ಲಿ ಇನ್ನು ಕೆಡಲು ಏನಿತ್ತು, ಮಹಾರಾಯರೇ?

ಹಾಗಾಗಿ ಎರಡನೆಯದು ಬೇಡ. ಪುಸ್ತಕಗಳು ಕಪಾಟು ಬಿಟ್ಟು ಕದಲುವುದಿಲ್ಲ. ಭಾನುವಾರದ ಬಗ್ಗೆ ನಾನೇನೂ ಹೇಳಲಾರೆ. ಬರಲೇಬೇಕು ಅನ್ನಿಸಿದರೆ ಕೈ ಬೀಸಿಕೊಂಡು ಬನ್ನಿ, ಇಲ್ಲವಾದರೆ ಅಲ್ಲೇ ಅಕ್ಕನ ತಲೆ ತಿನ್ನಿ. ನೀವಿಲ್ಲದ ಮನೆ ಹಾಯಾಗಿದೆ. ಒಬ್ಬಳೇ ಆರಾಮಾಗಿ ಕೂತು ಕೇಳುತ್ತಿದ್ದೇನೆ.

ಇಂತಿ,
ಪದ್ಯ ಓದುವ ಕಿವಿಯವಳು

ತಾ.ಕ.: ಪತ್ರ ಮಡಿಸುವಷ್ಟರಲ್ಲಿ ಕೆಳಗಿನ ಮನೆಯ ನರ್ಸಮ್ಮ ಬಾಗಿಲು ತಟ್ಟಿದರು. ನಿನ್ನೆಯಿಂದ ನಮ್ಮ ಡ್ರಮ್ಮು ಅವರ ಮಂಚ ಅಲ್ಲಾಡಿಸುತ್ತಿದೆಯಂತೆ. ಕ್ಷಮಿಸಿ, ಒಬ್ಬಳೇ ಇದ್ದೀನಲ್ಲ, ಬೇಜಾರಿಗೆ ಹಾಕಿಕೊಂಡಿದ್ದೆ ಅಂದು ಸದ್ದು ತಗ್ಗಿಸಿದೆ. ಅವರು ಹೋಗಲಿಲ್ಲ. ನನ್ನ ಹೆಗಲ ಮೇಲಿಂದ ಒಳಗೆ ಇಣುಕಿ, ಒಬ್ಬಳೇ ಕೇಳೋದಕ್ಕೆ ಕುರ್ಚಿ ಯಾಕೆ ಎರಡು ಹಾಕಿದೀಯೆ, ಅದೂ ಪಕ್ಕಪಕ್ಕ, ಅಂದರು.