ಬಲ್ಲೆ ಎನ್ನದ ಕಾಲೋನಿ

ಹೊಸಬೆಳಕು ಕಾಲೋನಿ ಪೊಲೀಸ್ ಠಾಣೆ, ಹುಬ್ಬಳ್ಳಿ ಹೊರವಲಯ
ಬೇಗೆ ಮಾಸದ ಮೂವತ್ತೊಂಬತ್ತನೆಯ ದಿನ, ೨೧೭೯

ಈ ಕಾಲೋನಿಯ ಮೊದಲ ನಿವಾಸಿಗಳಿಗೆ ಠಾಣಾಧಿಕಾರಿ ನೀಲಗಂಗಾ ತಳವಾರಳ ನಮಸ್ಕಾರಗಳು.

ತಾರೀಖು ನೋಡಿ ಹುಬ್ಬೇರಿಸಬೇಡಿ. ಏಪ್ರಿಲ್, ಮೇ ಎರಡೂ ಸೇರಿ ಬಿಸಿಲನ್ನು ಹಿಡಿಸಲಾರದಾದಾಗ ನಮ್ಮ ಹಿರಿಯರು ಉಳಿದ ತಿಂಗಳುಗಳಿಂದ ನಾಲ್ಕು ನಾಲ್ಕು ದಿನ ಕಿತ್ತು ನಡುವೆ ಬೇಗೆ ಎಂಬ ಹೊಸ ತಿಂಗಳನ್ನು ತುರುಕಿದರು. ನನ್ನ ಕನ್ನಡ ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಬರವಣಿಗೆಯನ್ನು ಹಳೆಯ ಕಡತಗಳನ್ನು ಓದಿ ಕಲಿತವಳು ನಾನು. ಪೊಲೀಸ್ ಎಂಬ ಪದವೇನೋ ಹಾಗೇ ಉಳಿದಿದೆ. ಪೊಲೀಸರನ್ನು ಬೈಯುವ ಪದಗಳೂ ಉಳಿದಿವೆ.

ಎರಡು ಸಾವಿರ ಮನೆಗಳಿಗೆ ನಾನೊಬ್ಬಳೇ ಅಧಿಕಾರಿ. ಕಳ್ಳತನವಿಲ್ಲ, ಹೊಡೆದಾಟವಿಲ್ಲ, ಆದರೂ ನನಗೆ ಊಟಕ್ಕೆ ಪುರುಸೊತ್ತಿಲ್ಲ. ಕಾರಣ ಬಾಗಿಲಗಣ್ಣು. ಪ್ರತಿ ಮನೆಯ ಗೇಟಿನಲ್ಲೂ ಇರುವ ಈ ಕಣ್ಣು, ಎದುರಿಗೆ ಬಂದವರ ಚಿತ್ರವನ್ನು ಒಳಗಿನ ಗೋಡೆಯ ಮೇಲೆ ತೋರಿಸುತ್ತದೆ. ಕೆಳಗೆ ಎರಡು ಗುಂಡಿಗಳಿವೆ: ಬಲ್ಲೆ, ಅರಿಯೆ. ಬಲ್ಲೆ ಎಂದು ಒತ್ತಿದರೆ ಆ ವ್ಯಕ್ತಿ ವಾಪಸು ಹೋಗುವ ತನಕ ಅವರ ಹೊಣೆ ನಿಮ್ಮದು. ಅವರು ಬಿದ್ದರೂ, ಜಗಳವಾಡಿದರೂ, ಯಾರದೋ ಅಂಗಳದ ಹೂವು ಕಿತ್ತರೂ ನೀವೇ ಉತ್ತರ ಕೊಡಬೇಕು. ಅರಿಯೆ ಎಂದು ಒತ್ತಿದರೆ ಅದು ಚಿತ್ರವಿಲ್ಲದೆ, ಮನೆಯ ಸಂಖ್ಯೆ ಮತ್ತು ಹೊತ್ತು ಮಾತ್ರ ಇರುವ ದೂರಾಗಿ ನನಗೆ ಬರುತ್ತದೆ. ನಾನು ಸರದಿ ತಪ್ಪಿಸದೆ ಆ ಮನೆಗೆ ಖುದ್ದಾಗಿ ಹೋಗಿ, ಗೇಟಿನ ಸಂದಿಯಲ್ಲಿ ಮನೆಯವರ ಹೆಬ್ಬೆಟ್ಟು ತೆಗೆದುಕೊಳ್ಳಬೇಕು. ಹೀಗಿರುವಾಗ ಬಲ್ಲೆ ಎನ್ನುವ ಹುಚ್ಚರು ಯಾರಿದ್ದಾರೆ? ಎಲ್ಲರೂ ಎಲ್ಲರಿಗೂ ಅರಿಯೆ ಎನ್ನುತ್ತಾರೆ. ನಾಲ್ಕನೆಯ ಅಡ್ಡರಸ್ತೆಯ ಗುರುಸಿದ್ಧಪ್ಪ ತನ್ನ ಸ್ವಂತ ಅತ್ತೆಗೇ ಹಾಗೆ ಒತ್ತಿದ್ದರಿಂದ ಆ ಮುದುಕಿ ಎರಡು ತಾಸು ಠಾಣೆಯಲ್ಲಿ ಕುಳಿತು ನನ್ನ ಏಳು ತಲೆಮಾರನ್ನು ಶಪಿಸಿದಳು. ವಿಚಾರಿಸಿದರೆ ಆ ಮಹಾಶಯ, "ಗೊತ್ತಿಲ್ದ ಏನ್ರಿ ಮೇಡಂ, ನನ್ನ ಹೆಣ್ತಿ ಅವ್ವ. ಬಲ್ಲೆ ಅಂದ್ರ ಆಕಿ ಬಾಯಿಗೆ ನಾ ಹೊಣಿ ಆಗಬೇಕಲ್ರಿ" ಎಂದ. ಹಣೆ ಚಚ್ಚಿಕೊಂಡು ಹೆಬ್ಬೆಟ್ಟು ತೆಗೆದುಕೊಂಡು ಬಂದೆ.

ಈ ಪೀಡೆ ಎಲ್ಲಿಂದ ಶುರುವಾಯಿತೆಂದು ಹುಡುಕುತ್ತ ಹೋದಾಗ ನಿಮ್ಮ ಸಂಘದ ನಡಾವಳಿ ಪುಸ್ತಕ ಸಿಕ್ಕಿತು. "ಅಪರಿಚಿತರು ಕಂಡರೆ ಗೇಟು ತೆರೆದು ವಿಚಾರಿಸಬಾರದು. ಫೋಟೋ ತೆಗೆದು ಗ್ರೂಪಿಗೆ ಹಾಕಬೇಕು." ಎಲ್ಲರೂ ಕೈ ಎತ್ತಿ ಒಪ್ಪಿದಿರಂತೆ. ಆಮೇಲೆ ಮಿರ್ಚಿ, ಚಹಾ ಆಯಿತೆಂದೂ ಬರೆದಿದೆ. ಒಳ್ಳೆಯದಾಯಿತು.

ಹನ್ನೊಂದು ದಿನಗಳ ಹಿಂದಿನ ಮಾತು. ಆರನೆಯ ಅಡ್ಡರಸ್ತೆಯ ಅಂಬಕ್ಕನಿಗೆ ಎಂಬತ್ತೊಂದು ವರ್ಷ. ಪ್ರತಿ ನಾಗರಪಂಚಮಿಗೆ ಹದಿನೈದು ದಿನ ಮೊದಲೇ ಠಾಣೆಗೆ ಅರ್ಜಿ ಕೊಟ್ಟು, ಪರವಾನಗಿ ಪಡೆದು, ಮನೆಮನೆಗೆ ಉಂಡಿ ಕಳಿಸುತ್ತಿದ್ದವರು. ಈ ವರ್ಷ ಅವರ ನೆನಪು ಹದಗೆಟ್ಟಿತ್ತು. ಅಂದು ಹತ್ತು ಗಂಟೆಗೆ ಮಗಳು ಸುನಂದಾ ಠಾಣೆಗೆ ಕರೆ ಮಾಡಿ ಎದೆ ಒಡೆದವಳಂತೆ, "ಅವ್ವ ಮನಿಯಾಗಿಲ್ರಿ, ಲಗೂ ಬರ್ರಿ" ಎಂದು ಕೂಗಿಕೊಂಡಳು. ಹನ್ನೊಂದಕ್ಕೆ ಕಾವುಗಂಟೆ. ಆ ಸೈರನ್ ಮೊಳಗಿದ ಮೇಲೆ ತಂಪಂಗಿ ತೊಡದೆ ಹೊರಗಿದ್ದ ಮನುಷ್ಯ ಅರ್ಧ ತಾಸಿನಲ್ಲಿ ಬಾಡಿ ಬೀಳುತ್ತಾನೆ. ಆದರೆ ಸುನಂದಾಳ ದೂರಿಗೆ ಸಿಕ್ಕ ಸರದಿ ಇಪ್ಪತ್ತಮೂರು. ಅದರ ಮುಂದೆ ಇಪ್ಪತ್ತೆರಡು ಅರಿಯೆಗಳು ಕುಳಿತಿದ್ದವು.

ಸರದಿ ಮುರಿದರೆ ಕೆಲಸ ಹೋಗುತ್ತದೆ. ಹಲ್ಲು ಕಚ್ಚಿಕೊಂಡು ಮೊದಲ ಮನೆಯಿಂದ ಹೊರಟೆ. "ಯಾರೋ ಗೇಟ್ ಬಡದ್ರು, ಹೋದ್ರು" ಎಂದರು ಒಬ್ಬರು. ಹೇಗಿದ್ದರು, ಏನುಟ್ಟಿದ್ದರು ಎಂದು ನಾನು ಕೇಳಲಿಲ್ಲ. ನನಗೆ ಅಷ್ಟು ರೋಸಿಹೋಗಿತ್ತು. ಹೆಬ್ಬೆಟ್ಟು ಕೊಡಿ, ಮುಂದಿನ ಮನೆ. ಒಂಬತ್ತನೆಯ ಮನೆಯಾಕೆ ತಾನಾಗಿಯೇ, "ಹಸರ ಸೀರಿ ಉಟ್ಟಾಕಿ ಮುದುಕಿ ಇದ್ಲರಿ, ಕೈಯಾಗ ಡಬ್ಬಿ ಇತ್ತು" ಎಂದಾಗ ಕೈಲಿದ್ದ ದೂರುಗಳ ಹೊತ್ತನ್ನೂ ಮನೆಗಳ ಸಾಲನ್ನೂ ಜೋಡಿಸಿ ನೋಡಿದೆ. ಇಪ್ಪತ್ತೆರಡು ದೂರುಗಳೂ ಒಬ್ಬರ ಮೇಲೆಯೇ ಇದ್ದವು. ನಾನು ಹುಡುಕಬೇಕಾದವರ ದಾರಿಯನ್ನೇ ಕೈಯಲ್ಲಿಟ್ಟುಕೊಂಡು ಹೆಬ್ಬೆಟ್ಟು ಸಂಗ್ರಹಿಸುತ್ತಿದ್ದೆ. ಅಷ್ಟರಲ್ಲಿ ಸೈರನ್ ಮೊಳಗಿತು.

ಸರದಿ ಬಿಟ್ಟು ಓಡಿದೆ. ಗೇಟಿನಿಂದ ಗೇಟಿಗೆ ದೂರುಗಳ ಜಾಡು ಹಿಡಿದು ಹೋಗುವಷ್ಟರಲ್ಲಿ ನಲವತ್ತು ನಿಮಿಷ ಕಳೆದಿತ್ತು. ಬೀಗ ಹಾಕಿದ ಉದ್ಯಾನದ ಗೋಡೆಗೆ ಒರಗಿ ಅಂಬಕ್ಕ ಕುಳಿತಿದ್ದರು. ಮಡಿಲಲ್ಲಿ ಉಂಡಿಯ ಡಬ್ಬಿ ತುಂಬಿದ್ದು ತುಂಬಿದಂತೆಯೇ ಇತ್ತು. ಅವರ ಲೆಕ್ಕದಲ್ಲಿ ಅಂದು ಪಂಚಮಿ. "ಹಬ್ಬದ ದಿನ ಎಲ್ಲಾರೂ ಎಲ್ಲಿ ಹೋಗ್ಯಾರವಾ? ಎಷ್ಟ ಬಡದ್ರೂ ಒಬ್ರೂ ಬಾಗಲಾ ತಗೀಲಿಲ್ಲ" ಎಂದರು. ನನ್ನ ತಂಪಂಗಿ ಬಿಚ್ಚಿ ಅವರಿಗೆ ಹೊದಿಸಿ ಎತ್ತಿಕೊಂಡೆ. ಸಂಜೆ ನಾಲ್ಕಕ್ಕೆ ಆಸ್ಪತ್ರೆಯಲ್ಲಿ ತೀರಿಕೊಂಡರು.

ಹೆಣವನ್ನು ಗುರುತಿಸಲು ಇಬ್ಬರು ನೆರೆಯವರು ಬೇಕು. ಬಂದವರು ಮೂವತ್ತು ಜನ. "ಅಯ್ಯ, ನಮ್ಮ ಅಂಬಕ್ಕ ರೀ ಇವ್ರು! ಇವ್ರ ಉಂಡಿ ತಿಂದ ನಮ್ಮ ಮಕ್ಕಳು ಬೆಳದಾವು" ಎಂದು ಬಾಯಿ ಬಡಿದುಕೊಂಡರು. ನನ್ನ ಸಿಟ್ಟು ನೆತ್ತಿಗೇರಿತು. ಬಲ್ಲವರಾಗಿದ್ದರೆ ಅರಿಯೆ ಎಂದು ಯಾಕೆ ಒತ್ತಿದಿರಿ ಎಂದು ಚೀರಿದೆ. ಗುರುಸಿದ್ಧಪ್ಪ, "ಯಾವಾಗ್ಲೂ ಅದನ್ನ ಒತ್ತತೀವಲ್ರಿ" ಎಂದ. ಒಬ್ಬರೂ ಗೋಡೆಯ ಕಡೆ ಸರಿಯಾಗಿ ನೋಡಿರಲೇ ಇಲ್ಲ. ಹೊರಡುವಾಗ ಒಬ್ಬರು, ಆಂಬುಲೆನ್ಸು ತಮ್ಮ ಗೇಟಿಗೆ ಅಡ್ಡ ನಿಂತಿತ್ತೆಂದು ದೂರು ಕೊಟ್ಟು ಹೋದರು.

ಸರದಿ ಮುರಿದ ಬಗ್ಗೆ ವರದಿ ಬರೆಯಲು ನಿನ್ನೆ ಮೇಲಧಿಕಾರಿಗಳಿಂದ ಆ ದಿನದ ಪೂರ್ತಿ ಪಟ್ಟಿ ತರಿಸಿದೆ. ಅದರಲ್ಲಿ ಅಂಬಕ್ಕನ ಮೇಲೆ ಇಪ್ಪತ್ತಮೂರು ಅರಿಯೆಗಳಿದ್ದವು. ಠಾಣೆಯವರ ಮನೆಯ ದೂರು ಠಾಣೆಗೆ ಬರುವುದಿಲ್ಲ, ಮೇಲಿನ ಕಚೇರಿಗೆ ಹೋಗುತ್ತದೆ. ಎಲ್ಲಕ್ಕಿಂತ ಮೊದಲ ಅರಿಯೆ, ಬೆಳಗಿನ ಎಂಟೂ ಹತ್ತಕ್ಕೆ, ನನ್ನ ಮನೆಯದು. ನನಗೆ ನೆನಪಿದೆ. ಅವಲಕ್ಕಿ ತಿನ್ನುತ್ತಿದ್ದೆ, ಡ್ಯೂಟಿಗೆ ತಡವಾಗಿತ್ತು, ಗೇಟಿನ ಗಂಟೆ ಹೊಡೆಯಿತು, ತಲೆ ಎತ್ತದೆ ಒತ್ತಿದೆ.

ನಿಮ್ಮಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ಮುಂದಿನ ಸಭೆಯಲ್ಲಿ ಆ ನಿಯಮಕ್ಕೆ ಎತ್ತಿದ ಕೈಗಳನ್ನು ಇಳಿಸಿ. ಗೇಟಿನಾಚೆ ಯಾರಾದರೂ ನಿಂತಿದ್ದರೆ ಹೋಗಿ, ಯಾರು ಬೇಕಿತ್ತು ಎಂದು ಕೇಳಿ. ಅಷ್ಟಕ್ಕೆ ಪೊಲೀಸರು ಬೇಡ.

ಇನ್ನು ಅಪ್ಪಣೆ ಕೊಡಿ. ಸುನಂದಾಳಿಗೆ ಈ ಪಟ್ಟಿಯ ವಿಷಯ ಗೊತ್ತಿಲ್ಲ. ದಾರಿಯಲ್ಲಿ ಸಿಕ್ಕಾಗಲೆಲ್ಲ ನನ್ನ ಎರಡೂ ಕೈ ಹಿಡಿದುಕೊಂಡು, "ಇಡೀ ಕಾಲೋನ್ಯಾಗ ನಮ್ಮವ್ವನ್ನ ನೋಡಿದಾಕಿ ನೀವೊಬ್ರ ರೀ" ಎನ್ನುತ್ತಾಳೆ. ನಾಳೆ ಬೆಳಿಗ್ಗೆ ಅವಳ ಮನೆಗೆ ಹೋಗಿ ಹೇಳಬೇಕು.

ನೀಲಗಂಗಾ ತಳವಾರ