ಆನೆಪಾದದ ಕೈಗವಸು

೨೧ ಜನವರಿ ೧೯೫೮, ಮಂಗಳವಾರ.

ಪಾಲಿಬೆಟ್ಟದ ತೋಟದೊಡೆಯರ ನಾರ್ವೆ ದೇಶದ ಪತ್ನಿಯು ತನ್ನ ಹೆಣಿಗೆಯ ಗೆಳತಿಯರನ್ನು ಬೇಸಗೆಯಲ್ಲಿ ತವರಿಗೆ ಕರೆದೊಯ್ಯುವಳಂತೆ. ಪರ್ವತಗಳ ನಡುವೆ ಕಡಲು ನುಗ್ಗಿರುವ ಊರಿನಲ್ಲಿ ಉಣ್ಣೆಯ ಕೆಲಸ ಕಲಿಯುವರಂತೆ. ನನ್ನ ಹೆಂಡತಿ ಹೊನ್ನಮ್ಮನೂ ಹೊರಡಬಯಸಿದ್ದಾಳೆ. ಈ ವಯಸ್ಸಿನಲ್ಲಿ ಹಡಗೇರುವುದು ಬೇಡವೆಂದು ಹೇಳಲು ನಿಶ್ಚಯಿಸಿದ್ದೆ.

ಸಂಜೆ ತಾನು ಹೆಣೆದ ಕೈಗವಸನ್ನು ತಂದಳು. ಆನೆಯ ಪಾದಕ್ಕೆ ಸರಿಹೋಗುವಂತಿತ್ತು, ನಕ್ಕೆ.

“ನಗಿ, ನಗಿ. ಅಲ್ಲಿ ಮೀನುಗಾರರಿಗೆ ಬೇಕೂಂತ್ಲೇ ದೊಡ್ಡದು ಹೆಣೀತಾರೆ.”

ಹಂಡೆಯ ಬಿಸಿನೀರಿನಲ್ಲಿ ಅದ್ದಿ, ಸಾಬೂನು ಹಚ್ಚಿ, ಒಗೆಯುವ ಕಲ್ಲಿನ ಮೇಲೆ ಉಜ್ಜಿದಳು. ಉಣ್ಣೆ ಕುಗ್ಗಿ, ದಟ್ಟವಾಗಿ, ನನ್ನ ಕೈಯಳತೆಗೇ ಬಂದಿತು. ಒದ್ದೆಯಾಗಿದ್ದರೂ ಒಳಗೆ ಬೆರಳುಗಳು ಬೆಚ್ಚಗಿದ್ದವು!

“ಇದನ್ನು ಮೊದಲು ಕಂಡುಕೊಂಡವರು ಯಾರು?” ಎಂದೆ.

“ಕಳ್ಸಿ, ಕೇಳ್ಕೊಂಡು ಬರ್ತೀನಿ.”

ಹೋಗಿ ಬರಲಿ. ಕೈಗವಸನ್ನು ಕಳಚಲು ಮನಸ್ಸಾಗದೆ ಹಾಗೆಯೇ ಬರೆಯುತ್ತಿದ್ದೇನೆ. ಅಕ್ಷರಗಳು ಸೊಟ್ಟಗಾಗುತ್ತಿವೆ, ಮಸಿಯೂ ಹರಡುತ್ತಿದೆ, ಇರಲಿ. ಆ ಮೀನುಗಾರರು ಇದನ್ನು ತೊಟ್ಟು ಬಲೆಯ ಗಂಟನ್ನು ಹೇಗೆ ಬಿಗಿಯುವರೋ, ಅದನ್ನೂ ಕೇಳಿಕೊಂಡು ಬರಲಿ.