ಅತೀಕನಿಗೆ ಕಲಿಸದ ಪದ

ಹತ್ತಿಮತ್ತೂರು
೨೨ ಮೇ ೨೦೨೫

ಗೆಳೆಯ ಅತೀಕನಿಗೆ ಫಕ್ಕೀರೇಶನ ಸಲಾಮು.

ಇಲ್ಲಿಂದ ಸವಣೂರಿಗೆ ಬಸ್ಸಿಗೇನೂ ಬರವಿಲ್ಲ. ನೀನು ಆಸ್ಪತ್ರೆಯಿಂದ ಮನೆಗೆ ಬಂದು ನಾಲ್ಕು ದಿನವಾಯಿತು. ನಾನು ಮೂರು ಸಲ ಸ್ಟ್ಯಾಂಡಿನವರೆಗೆ ಹೋಗಿ ಹೊಳ್ಳಿ ಬಂದೆ. ನಿನ್ನೆ ನಿನ್ನ ಹೆಂಡತಿ ಗುಲ್ನಾಜ ಫೋನ್ ಮಾಡಿ, "ಅಣ್ಣಾ, ಇವರ ಕಿವಿಗೆ ಹಿಡದೇನಿ, ನೀವು ಮಾತಾಡ್ರಿ, ಕೇಳ್ತಾರ" ಎಂದಳು. ನಾನು ಫೋನು ಇಟ್ಟುಬಿಟ್ಟೆ. ಅದಕ್ಕೇ ಈ ಕಾಗದ ಬರೆಯುತ್ತಿದ್ದೇನೆ.

ಗಂಟಲಿನ ಗಂಟಿಗೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದು ಡಾಕ್ಟರು ಹೇಳಿದ ದಿನ, ಮಾರ್ಚಿನಲ್ಲಿ, ನೀನು ನೇರ ನಮ್ಮ ಮನೆಗೆ ಬಂದಿದ್ದೆ. ಅತ್ತವನು ನಾನು. ನೀನು ಆರಾಮಾಗಿ ಚಹಾ ಕುಡಿದು, "ಹೊಸಾದೊಂದು ರಿವಾಯತ್ ಪದ ಕಟ್ಟಿಕೊಡು. ಹಾಡಿ ಫೋನಿನ್ಯಾಗ ಇಡ್ತೇನಿ. ಉಮೈಮಾ ದೊಡ್ಡಾಕಿ ಆದಮ್ಯಾಲೆ ಅಜ್ಜನ ದನಿ ಹೆಂಗಿತ್ತು ಅಂತ ಕೇಳ್ಲಿ" ಎಂದೆ. ಮೊಹರಮ್ಮಿಗೆ ನೀನು ಹಾಡಿದ ರಿವಾಯತ್ ಪದಗಳ ಹಳೆಯ ರೆಕಾರ್ಡುಗಳಲ್ಲೆಲ್ಲ ಹಲಗೆಯ ಸದ್ದೇ ಸದ್ದು, ಮೊಮ್ಮಗಳಿಗೆ ನಿನ್ನ ದನಿಯೊಂದೇ ಸಿಗಬೇಕಿತ್ತು. ನನ್ನ ಕೈಯಲ್ಲಿ ಎರಡು ತಿಂಗಳಿತ್ತು.

ನನ್ನ ಚಾಳಿ ನಿನಗೆ ಗೊತ್ತಿದ್ದದ್ದೇ. ಮೂವತ್ತು ಮೊಹರಮ್ಮಿನಲ್ಲಿ ಒಂದು ಸಲವಾದರೂ ಕಡೆಯ ನುಡಿಯನ್ನು ಒಂಬತ್ತನೆಯ ದಿನದ ಸಂಜೆಗಿಂತ ಮುಂಚೆ ಕೊಟ್ಟವನೇ ಅಲ್ಲ. ನಮ್ಮ ಮೇಳದಲ್ಲಿ ಪದವನ್ನು ಚೀಟಿಯಲ್ಲಿ ಬರೆದು ಕೊಡುವ ಪದ್ಧತಿಯೂ ಇಲ್ಲ. ನಾನೊಂದು ಸಾಲು ಹೇಳಬೇಕು, ನೀನು ತಿರುಗಿ ಹಾಡಬೇಕು. ಹಲಗೆ ಕಾಯಿಸುವ ಬೆಂಕಿಯ ಮುಂದೆ ಕುಂತು ನನ್ನನ್ನು ಬೈಯುತ್ತಲೇ ನೀನು ಕಲಿಯುತ್ತಿದ್ದೆ. ಮರುದಿನ ಊರೆಲ್ಲ ಆ ಕಡೆಯ ನುಡಿಯನ್ನೇ ಹೊಗಳುತ್ತಿತ್ತು. ತಡ ಮಾಡಿದರೇ ಪದಕ್ಕೆ ಕಸುವು ಬರುತ್ತದೆ ಎಂಬ ಸೊಕ್ಕು ನನಗೆ ಹತ್ತಿದ್ದು ಹಾಗೆ.

ಸುಮ್ಮನಂತೂ ಕೂತಿರಲಿಲ್ಲ, ಅತೀಕ. ಹೊಸ ನೋಟುಬುಕ್ಕು ತಂದೆ. ಪಡಸಾಲೆಗೆ ಸುಣ್ಣ ಹೊಡೆದೆ. ಹಿತ್ತಲಿನ ಕಸ ತೆಗೆದೆ, ಕೆಟ್ಟ ರೇಡಿಯೋ ಬಿಚ್ಚಿ ಮತ್ತಷ್ಟು ಕೆಡಿಸಿದೆ. "ನೀವು ಪದ ಬರಿಯೂದಿದ್ದಾಗ ನೋಡ್ರಿ ನಮ್ಮ ಮನಿ ಚೊಕ್ಕ ಆಗೂದು" ಎಂದು ಕರೆವ್ವ ನಕ್ಕಳು. ನನ್ನ ಹೆಂಡತಿಗೂ ನನ್ನ ಮೇಲೆ ನಂಬಿಕೆಯಿತ್ತು ನೋಡು. ಆಪರೇಷನ್ನು ಮೇ ಹನ್ನೆರಡನೆಯ ತಾರೀಖು ಎಂದು ನೀನು ಹೇಳಿದ್ದೆ. ಮೊಹರಮ್ಮಿನ ಲೆಕ್ಕದಲ್ಲೇ ನಾನು ಅದನ್ನೂ ಹಿಡಿದೆ. ಹನ್ನೊಂದರ ಸಂಜೆ ಹೇಗೂ ಪದ ಬರುತ್ತದೆ ಎಂದು ನಿಶ್ಚಿಂತನಾಗಿದ್ದೆ.

ಒಂಬತ್ತರ ಮುಂಜಾನೆ ಫೋನು ಬಂತು. ಯಾರದೋ ಆಪರೇಷನ್ನು ಮುಂದೆ ಹೋಗಿ, ಆ ಹೊತ್ತಿಗೆ ನಿನ್ನನ್ನು ಹುಬ್ಬಳ್ಳಿಗೆ ಕರೆದಿದ್ದರು. ಗಾಡಿ ಬಾಗಿಲಲ್ಲಿ ನಿಂತಿದೆ ಎಂದು ಗುಲ್ನಾಜ ಹೇಳುತ್ತಿದ್ದಂತೆ ನೀನೇ ಫೋನು ಕಸಿದುಕೊಂಡು, "ಪದ ಆಗೈತೇನೋ? ಫೋನಿನ್ಯಾಗ ಹೇಳು, ಗಾಡ್ಯಾಗ ಕುಂತು ಹಾಡ್ತೇನಿ" ಎಂದೆ. ಕಡೆಯ ನುಡಿಯೊಂದು ಉಳಿದಿದೆ, ಬಂದಮೇಲೆ ಕಲಿಸುತ್ತೇನೆ ಎಂದೆ ನಾನು. ಬಂದಮೇಲೆ! ನೀನು ನಕ್ಕೆ. "ಆತು ತಗೋ" ಎಂದೆ. ನಾನು ಕೇಳಿದ ನಿನ್ನ ದನಿ ಅಲ್ಲಿಗೆ ಮುಗಿಯಿತು.

ಅದು ಸುಳ್ಳು, ಅತೀಕ. ಕಡೆಯ ನುಡಿಯಲ್ಲ, ಒಂದು ಸಾಲೂ ಆಗಿರಲಿಲ್ಲ. ಮುಗಿಯದ್ದಾದರೂ ಸರಿ ಎಂದು ಎರಡು ಸಾಲು ಬಾಯಿಗೆ ಬಂದಂತೆ ಹೇಳಿದ್ದರೆ ನೀನು ಹಾಡುತ್ತಿದ್ದೆ, ಉಮೈಮಾಗೆ ಅಷ್ಟಾದರೂ ಉಳಿಯುತ್ತಿತ್ತು. ಕೆಟ್ಟ ಪದ ಕೊಡಲು ನನಗೆ ನಾಚಿಕೆಯಾಯಿತು. ಆ ನಾಚಿಕೆಗೆ ನಿನ್ನ ಗಂಟಲು ಕೊಟ್ಟೆ. ಎದೆ ಒಡೆದುಹೋಗಿದೆ. ಕ್ಷಮಿಸು ಎಂದು ಬರೆಯಲು ಕೈ ಏಳುವುದಿಲ್ಲ.

ನಿನ್ನ
ಫಕ್ಕೀರ್ಯಾ

ತಾ.ಕ.: ಇದನ್ನು ಮೇಲೆ ಬರೆಯುವ ಧೈರ್ಯವಾಗಲಿಲ್ಲ. ಪದ ಬಂತು. ಅಂದೇ ಮಧ್ಯಾಹ್ನ, ನೀನು ಆಪರೇಷನ್ ಕೋಣೆಯಲ್ಲಿದ್ದಾಗ, ಐದೂ ನುಡಿ ಕೂತಲ್ಲೇ ಬಂದವು. ಒಂದಕ್ಷರ ತಿದ್ದಲಿಲ್ಲ. ನಾನು ಕಟ್ಟಿದ್ದರಲ್ಲೆಲ್ಲ ಇದೇ ಚಲೋದು. ನಾಚಿಕೆ ಬಿಟ್ಟು ಮೇಳದ ರುದ್ರೇಶನಿಗೆ ಕಲಿಸಲು ನೋಡಿದೆ. ಮೂರನೆಯ ನುಡಿಯ ಎತ್ತರಕ್ಕೆ ಅವನ ದನಿ ಏರಲಿಲ್ಲ. ಅಲ್ಲಿಗೆ ಏರುತ್ತಿದ್ದದ್ದು ನಿನ್ನದೊಂದೇ.